ಮೂಟೆಯಣ್ಣ ಹೊತ್ತ ಆರು ಮಹಡಿ

ಮೂವತ್ತು ವರ್ಷ ಧಾನ್ಯದ ಗೋದಾಮಿನಲ್ಲಿ ಮೂಟೆ ಹೊತ್ತವನನ್ನು ಜನ ಮೂಟೆಯಣ್ಣ ಎನ್ನದೆ ಇನ್ನೇನೆಂದಾರು? ಭಾರ ಬಿದ್ದು ಬಿದ್ದು ಅವನ ಕೊರಳು ಎಡಕ್ಕೆ ವಾಲಿತ್ತು. ಫೋಟೊ ತೆಗೆಯುವವನು ಎಷ್ಟು ಸಲ ಹೇಳಿದರೂ ನೇರವಾಗುತ್ತಿರಲಿಲ್ಲ.

ಚರಂಡಿ ಪಕ್ಕದ ಗುಡಿಸಲುಗಳನ್ನು ಕೆಡವಿ, ಅಲ್ಲಿದ್ದವರಿಗೆಲ್ಲ ಚೀಟಿ ಎತ್ತಿ ಏಳು ಮಹಡಿಯ ಕಟ್ಟಡದಲ್ಲಿ ಮನೆ ಹಂಚಿದಾಗ ಅವನಿಗೆ ಬಂದದ್ದು ಐದನೇ ಮಹಡಿ. ಒಂದೇ ಕೋಣೆ, ಅದರ ಮೂಲೆಯಲ್ಲಿ ಅಡುಗೆಕಟ್ಟೆ, ಒಳಗೇ ನಲ್ಲಿ. ಅವನ ಹೆಂಡತಿ ಮೊದಲ ವಾರವೆಲ್ಲ ಬಾಗಿಲಿನ ಚಿಲಕವನ್ನು ಸುಮ್ಮಸುಮ್ಮನೆ ಹಾಕಿ ತೆಗೆದು ನೋಡುತ್ತಿದ್ದಳು. ಗುಡಿಸಲಿಗಿದ್ದದ್ದು ಗೋಣಿತಾಟಿನ ಪರದೆ.

ಲಿಫ್ಟ್ ಓಡಿದ್ದು ಮೂರೇ ತಿಂಗಳು. ಆಮೇಲೆ ಅದರ ಬಾಗಿಲಿಗೆ ‘ದುರಸ್ತಿಯಲ್ಲಿದೆ’ ಎಂಬ ಕಾಗದ ಅಂಟಿತು. ಕಾಗದ ಹಳದಿಯಾಯಿತು, ದುರಸ್ತಿಗೆ ಯಾರೂ ಬರಲಿಲ್ಲ. ಕಾಲು ಗಟ್ಟಿಯಿದ್ದವರು ಬೈದುಕೊಂಡು ಹತ್ತಿದರು. ಆರನೇ ಮಹಡಿಯ ಟೈಲರಮ್ಮನಿಗೆ ಮಾತ್ರ ಬೈಯುವುದಕ್ಕೂ ಉಸಿರಿರಲಿಲ್ಲ. ಆಕೆಯ ಮೂತ್ರಪಿಂಡಗಳೆರಡೂ ಕೈಕೊಟ್ಟಿದ್ದವು. ವಾರಕ್ಕೆರಡು ಸಲ ಆಸ್ಪತ್ರೆಗೆ ಹೋಗಿ ಡಯಾಲಿಸಿಸ್ ಮಾಡಿಸಿಕೊಳ್ಳದಿದ್ದರೆ ಉಳಿಗಾಲವಿಲ್ಲ.

ಮೊದಲ ಸಲ ಮಗಳೂ ನೆರೆಯ ಇಬ್ಬರೂ ಸೇರಿ ಆಕೆಯನ್ನು ಕುರ್ಚಿಯಲ್ಲಿ ಕೂರಿಸಿ ಇಳಿಸಲು ಹೋದರು. ಐದನೇ ಮಹಡಿಯ ತಿರುವಿನಲ್ಲಿ ಕುರ್ಚಿಯ ಕಾಲು ಕಂಬಿಗೆ ಸಿಕ್ಕಿಕೊಂಡು ಅತ್ತಲೂ ಇಲ್ಲ, ಇತ್ತಲೂ ಇಲ್ಲ. ಗದ್ದಲ ಕೇಳಿ ಹೊರಬಂದ ಮೂಟೆಯಣ್ಣ ಅವರನ್ನು ಪಕ್ಕಕ್ಕೆ ಸರಿಸಿ, ಬೆನ್ನು ಕೊಟ್ಟು ಕುಕ್ಕರಗಾಲಲ್ಲಿ ಕೂತ.

"ಕುತ್ತಿಗೆ ಗಟ್ಟಿಯಾಗಿ ಹಿಡ್ಕೊಳ್ಳಿ ಅಕ್ಕ. ನಾನು ಹೊತ್ತ ಮೂಟೆ ಯಾವ್ದೂ ಇದುವರೆಗೂ ಕೆಳಗೆ ಬಿದ್ದಿಲ್ಲ."

ಅಂದಿನಿಂದ ವಾರಕ್ಕೆರಡು ದಿನ ಇಳಿಸುವುದು, ಹತ್ತಿಸುವುದು ಅವನ ಪಾಲಿಗೇ ಬಂತು. ಟೈಲರಮ್ಮ ದಾರಿಯುದ್ದಕ್ಕೂ ಮಾತಾಡುತ್ತಿದ್ದಳು. ಅಂಗಿಯ ಹೊಲಿಗೆ ಸರಿಯಿಲ್ಲ, ಯಾವ ದರ್ಜಿ ಕೆಡಿಸಿದ್ದು ಎಂದು ಅವನ ಬೆನ್ನ ಮೇಲೆ ಕೂತೇ ವಿಚಾರಣೆ ನಡೆಸುತ್ತಿದ್ದಳು. ಗೋಧಿ ಮೂಟೆ ಇಷ್ಟು ವಾಚಾಳಿಯಾಗಿರಲಿಲ್ಲ ಎಂದು ಅವನು ನಗುತ್ತಿದ್ದ.

ಆದರೆ ಆ ದಿನಗಳಲ್ಲಿ ಗೋದಾಮಿಗೆ ತಡವಾಗುತ್ತಿತ್ತು. ಮೇಸ್ತ್ರಿ ಎರಡು ಸಲ ಎಚ್ಚರಿಸಿದ, ಮೂರನೆಯ ಸಲ ಅವನ ಜಾಗಕ್ಕೆ ಬೇರೆಯವನನ್ನು ಹಾಕಿಕೊಂಡ. ಹೆಂಡತಿ ಅಂದು ಒಲೆ ಹಚ್ಚಲಿಲ್ಲ. "ಊರ ಭಾರವೆಲ್ಲ ನಿಮ್ಮ ಬೆನ್ನಿಗೇ ಬರ್ದಿದ್ಯಾ?" ಎಂದು ಕೇಳಿ ಗೋಡೆಗೆ ಮುಖ ಮಾಡಿ ಮಲಗಿದಳು.

ಅವನು ಮನೆ ಹಂಚಿದ ಕಚೇರಿಗೆ ಅರ್ಜಿ ಹಿಡಿದುಕೊಂಡು ಹೋದ. ಲಿಫ್ಟನ್ನು ಆಗಲೇ ನಿವಾಸಿಗಳ ಸಂಘಕ್ಕೆ ಒಪ್ಪಿಸಿಯಾಗಿದೆ ಎಂದ ಗುಮಾಸ್ತ. ಅಂಥ ಸಂಘವೇ ಇಲ್ಲವಲ್ಲ ಎಂದರೆ, ಹಾಗಾದರೆ ಮೊದಲು ಸಂಘ ಮಾಡಿಕೊಂಡು ಬನ್ನಿ ಎಂದ.

"ಅಲ್ಲೀವರೆಗೂ ಅದು ಯಾರದ್ದು ಸ್ವಾಮಿ?"

"ಯಾರದ್ದೂ ಅಲ್ಲ," ಎಂದು ಗುಮಾಸ್ತ ಮುಂದಿನವನನ್ನು ಕರೆದ.

ಮಳೆಗಾಲದ ಒಂದು ಬೆಳಿಗ್ಗೆ, ಒದ್ದೆಯಾಗಿದ್ದ ಮೂರನೇ ಮಹಡಿಯ ತಿರುವಿನಲ್ಲಿ ಅವನ ಮಂಡಿ ಕುಸಿಯಿತು. ಬೀಳುವಾಗ ಮೈ ತಿರುಗಿಸಿ ತಾನು ಕೆಳಗಾದ. ಟೈಲರಮ್ಮನ ಮೊಣಕೈ ತರಚಿತು, ಅಷ್ಟೆ. ಅವನ ಸೊಂಟದ ಮೂಳೆ ಮುರಿಯಿತು. ಆಸ್ಪತ್ರೆಯಿಂದ ಬಂದವನನ್ನು ನಾಲ್ವರು ಹಲಗೆಯ ಮೇಲೆ ಐದು ಮಹಡಿ ಹತ್ತಿಸಿದರು. ಆಮೇಲೆ ಎಂಟು ತಿಂಗಳು ಅವನು ನೆಲ ಮುಟ್ಟಲಿಲ್ಲ. ಕೋಣೆಯ ಕಿಟಕಿಯಿಂದ ಕಾಣುತ್ತಿದ್ದದ್ದು ಎದುರಿನ ಕಟ್ಟಡದ ಪೈಪುಗಳು ಮಾತ್ರ. ಕೈಯಲ್ಲಿ ಕೋಲು ಹಿಡಿದು ಬಾಗಿಲವರೆಗೆ ಬರುವುದನ್ನು ಕಲಿಯಲೇ ನಾಲ್ಕು ತಿಂಗಳಾಯಿತು. ಹೆಂಡತಿ ಎರಡು ಮನೆಗಳ ಪಾತ್ರೆ ತಿಕ್ಕಲು ಹೊರಟಳು.

ಟೈಲರಮ್ಮನನ್ನು ಹೊರಲು ಯಾರೂ ಇರಲಿಲ್ಲವೆಂದಲ್ಲ. ಮೊದಲ ವಾರ ಇಬ್ಬರು ಬಂದರು, ಎರಡನೆಯ ವಾರ ಒಬ್ಬ. ಅವರಿಗೂ ಕೆಲಸವಿತ್ತು, ಅವರಿಗೂ ಮೇಸ್ತ್ರಿಗಳಿದ್ದರು. ಆಕೆಗೆ ಒಂದು ಸರದಿ ತಪ್ಪಿತು, ಆಮೇಲೆ ಸಾಲಾಗಿ ಮೂರು. ಮಗಳು ಕೆಳಗಿಳಿದು ಬಂದು ಮೂಟೆಯಣ್ಣನ ಬಾಗಿಲಲ್ಲಿ ಸುಮ್ಮನೆ ನಿಂತು ಹೋಗಿದ್ದಳು. ಅದರಿಂದಲೇ ಅವನಿಗೆ ಹೆಚ್ಚು ನೋವಾಯಿತು.

ಐದನೆಯ ವಾರ ಟೈಲರಮ್ಮ ಮಧ್ಯಾಹ್ನದ ಹೊತ್ತಿಗೆ ಉಸಿರು ನಿಲ್ಲಿಸಿದಳು. ಬದುಕಿದ್ದಾಗ ಸಿಗದ ಎಂಟು ಜನ ಹೊರಲು ಸಿಕ್ಕರು. ಮೇಲಿನ ತಿರುವಿನಲ್ಲಿ ಅವರ ಕಾಲುಗಳು ತಡವರಿಸುವುದು ಕೇಳಿ ಮೂಟೆಯಣ್ಣ ಬಾಗಿಲು ತೆರೆಸಿ, ಹೆಂಡತಿಯ ಆಸರೆಯಲ್ಲಿ ತೆವಳಿ ಬಂದು ಹೊಸ್ತಿಲಲ್ಲಿ ಕೂತ. ಅವರು ಅಲ್ಲಿ ಒಂದು ಗಳಿಗೆ ನಿಂತರು. ಅವನು ಹೊದಿಕೆಯ ಮೇಲೆ ಕೈಯಿಟ್ಟು, "ತಲೆ ಮೇಲಿರ್ಲಿ, ಕಾಲು ಮುಂದಕ್ಕೆ. ಗೋಡೆ ಕಡೆ ಒರಗಿ ಇಳೀರಿ," ಎಂದ.

ಆರೇಳು ತಿಂಗಳು ಕಳೆದ ಮೇಲೆ ಟೈಲರಮ್ಮನ ಮಗಳು ನೆಲಮಹಡಿಯ ತರಕಾರಿ ಗಾಡಿಯವನನ್ನೂ ಅವನ ಹೆಂಡತಿಯನ್ನೂ ಕರೆದುಕೊಂಡು ಬಂದಳು. ಮೂಟೆಯಣ್ಣನೂ ಗಾಡಿಯವನೂ ಮನೆಗಳನ್ನು ಅದಲುಬದಲು ಮಾಡಿಕೊಳ್ಳಲಿ ಎಂಬುದು ಅವಳ ಯೋಚನೆ. ಹಾಗೆ ಮಾಡಿದರೆ ಎರಡೂ ಮನೆಯ ಹಂಚಿಕೆ ರದ್ದಾಗಬಹುದೆಂದು ಎಲ್ಲರಿಗೂ ಗೊತ್ತಿತ್ತು. ಮೂಟೆಯಣ್ಣ ಬೇಡವೆಂದ. ಗಾಡಿಯವನು ಕೋಣೆಯನ್ನೊಮ್ಮೆ ನೋಡಿ, "ನಂಗಿನ್ನೂ ಕಾಲಿದೆ ಅಣ್ಣ, ನಿಮ್ಗಿಲ್ಲ. ಇದ್ರಲ್ಲಿ ಮಾತೇನಿದೆ?" ಎಂದು ಆಗಲೇ ಟ್ರಂಕಿನ ಹಿಡಿಗೆ ಕೈಹಾಕಿದ.

ನೋಟೀಸು ಬಂದೇ ಬಂತು. ಅದರ ಹಿಂದೆಯೇ ತಪಾಸಣೆಗೆ ಒಬ್ಬ ಅಧಿಕಾರಿ ಬಂದ. ದಪ್ಪ ಆಳು. ಐದು ಮಹಡಿ ಹತ್ತುವಷ್ಟರಲ್ಲಿ ಮುಖ ಕೆಂಪಾಗಿ ಮೆಟ್ಟಿಲ ಮೇಲೆಯೇ ಕುಸಿದು ಕೂತ. ಗಾಡಿಯವನ ಹೆಂಡತಿ ನೀರು ಕೊಟ್ಟಳು. ಮನೆ ಯಾರದ್ದೆಂದು ಅವನು ಕೇಳಿದ. ಮೂಟೆಯಣ್ಣಂದು, ಎಂದು ಅವಳು ಇದ್ದದ್ದು ಇದ್ದಂತೆಯೇ ಹೇಳಿದಳು. ಅವನೆಲ್ಲಿ ಎಂದಾಗ ಕೆಳಗೆ ಎಂದಳು. ಅಧಿಕಾರಿ ತಪಾಸಣೆಯ ಪುಸ್ತಕ ತೆರೆದ. ‘ಬಾಗಿಲು ಮುಚ್ಚಿತ್ತು’ ಎಂದು ಬರೆದುಕೊಂಡು ಇಳಿದು ಹೋದ.

ಆ ವರ್ಷ ಇನ್ನೂ ಮೂರು ಮನೆಗಳು ಹೀಗೆ ಕೈಬದಲಾದವು. ಕೆಳಗಿನ ಮನೆಗಳು ಮುಗಿದುಹೋದವು, ಮೇಲೆ ರೋಗಿಗಳು ಇನ್ನೂ ಇದ್ದರು. ಟೈಲರಮ್ಮನ ಮಗಳು ಸಂಘದ ಕಾಗದಕ್ಕಾಗಿ ಕಚೇರಿಗೆ ಅಲೆಯುತ್ತಿದ್ದಾಳೆ. ಅರ್ಧದಷ್ಟು ಮನೆಯವರ ಸಹಿ ಆಗಿದೆ. ಮೂಟೆಯಣ್ಣ ಈಗ ಕೋಲೂರಿ ರಸ್ತೆಯವರೆಗೆ ನಡೆಯುತ್ತಾನೆ, ಅದಕ್ಕಿಂತ ಮುಂದೆ ಸೊಂಟ ಬಿಡುವುದಿಲ್ಲ. ಮೊನ್ನೆ ಏಳನೇ ಮಹಡಿಯ ಬಸುರಿಯನ್ನು ಇಬ್ಬರು ಇಳಿಸುತ್ತಿದ್ದಾಗ ಅವನು ಮೆಟ್ಟಿಲ ಬುಡದಲ್ಲಿ ನಿಂತು, ಬಿದ್ದರೆ ಹಿಡಿಯುವವನಂತೆ ಕೈಗಳನ್ನು ಚಾಚಿಕೊಂಡೇ ಇದ್ದ. ಅವರು ಅವನ ಪಕ್ಕದಿಂದ ಸುತ್ತಿ ಹೊರಗೆ ಹೋದರು.