ಮೇಡಂ ಅಳೆದ ಮಳೆ

ಕಳೆದ ತಿಂಗಳು ನಮ್ಮ ಸಂಶೋಧನಾ ಸಂಸ್ಥೆಯ ಉಗ್ರಾಣ ಖಾಲಿ ಮಾಡಿಸುವಾಗ ಮಳೆ ಅಳೆಯುವ ಹಳೆಯ ಗಾಜಿನ ಜಾಡಿಯೊಂದು ಸಿಕ್ಕಿತು. ತಳದಲ್ಲಿ ಒಣಗಿದ ಪಾಚಿಯ ವಾಸನೆ. ಕೊಟ್ಟೂರಿನಲ್ಲಿ ನಮ್ಮ ಫಿಸಿಕ್ಸ್ ಮೇಡಂ ಮನೆಯ ಮಾಳಿಗೆಯ ಮೇಲೂ ಇದೇ ವಾಸನೆ ಇರುತ್ತಿತ್ತು...

ಮೇಡಂ ಹರಪನಹಳ್ಳಿ ಕಡೆಯವರು. ಚಿಕ್ಕ ವಯಸ್ಸಿನಲ್ಲಿ ಕಡಲ ವಿಜ್ಞಾನದ ಸಂಶೋಧನೆಗೆ ಸೇರಿದ್ದರಂತೆ. ಹೆಂಗಸರನ್ನು ಹಡಗಿಗೆ ಹತ್ತಿಸುವುದಿಲ್ಲ ಎಂದು ಅವರ ಗೈಡ್ ಎರಡು ವರ್ಷ ದಡದಲ್ಲೇ ಕೂರಿಸಿದಾಗ, ಬಿಟ್ಟು ಬಂದು ಕೊಟ್ಟೂರಿನ ಕಾಲೇಜೊಂದರಲ್ಲಿ ಪಾಠ ಹೇಳತೊಡಗಿದರು. ದಿನಾ ಬೆಳಿಗ್ಗೆ ಎಂಟೂವರೆಗೆ ಮಾಳಿಗೆ ಹತ್ತಿ ಮಳೆ ಅಳೆದು ರಿಜಿಸ್ಟರಿನಲ್ಲಿ ಬರೆಯುತ್ತಿದ್ದರು. ಮಿಲಿಮೀಟರ್ ಪಕ್ಕದಲ್ಲಿ ರೋಹಿಣಿ, ಮೃಗಶಿರಾ ಎಂದು ಮಳೆಯ ಹೆಸರೂ ಇರುತ್ತಿತ್ತು. ಜ್ವರ ಬಂದ ದಿನವೂ ತಪ್ಪಿಸಿದ್ದಿಲ್ಲ.

ನಾನು ಬಸ್ ಸ್ಟ್ಯಾಂಡ್ ಹತ್ತಿರದ ಮೆಕ್ಯಾನಿಕ್‌ನ ಮಗಳು, ಅವರ ವಿದ್ಯಾರ್ಥಿನಿ. ತೊಂಬತ್ತರ ದಶಕದ ಕೊನೆಯಲ್ಲಿ ಎಂ.ಎಸ್ಸಿ. ಮುಗಿಸಿ ಮನೆಯಲ್ಲಿದ್ದಾಗ ಮೇಡಂ ನಮ್ಮ ಗ್ಯಾರೇಜಿಗೇ ಬಂದರು.

"ಸಾಹೇಬ್ರ, ಹುಡುಗಿನ ಸಮುದ್ರದ ಕಡಿ ಕಳಸ್ರಿ. ಸಂಶೋಧನಾ ಮಾಡ್ಲಿ."

ನಮ್ಮ ಅಬ್ಬಾ ಕೈಯ ಗ್ರೀಸ್ ಒರೆಸಿಕೊಂಡರು. "ಆಕಿಗೆ ಈಜಾಕ ಬರಲ್ರಿ, ಮೇಡಂ."

"ಈಜಾಕಲ್ರಿ, ಲೆಕ್ಕ ಮಾಡಾಕ."

ಅಬ್ಬಾ ನಕ್ಕುಬಿಟ್ಟರು. ಅದೇ ಒಪ್ಪಿಗೆ.

ಪ್ರವೇಶ ಪರೀಕ್ಷೆಗೆ ಮೇಡಂ ಓದಿಸಿದರು; ಪಾಸಾಗಿ ಸಂಶೋಧನೆಗೆ ಸೇರಿದೆ. ಮೊದಲ ಸೆಮಿನಾರಿನಲ್ಲಿ ನಾನು ತೊದಲಿದಾಗ ಎಲ್ಲರೂ ನಕ್ಕರು; ಇನ್ನು ಬಿಟ್ಟು ಬರುತ್ತೇನೆಂದು ಮೇಡಂಗೆ ಫೋನ್ ಮಾಡಿದೆ. ಎರಡು ಬಸ್ಸು ಬದಲಿಸಿ ಹಾಸ್ಟೆಲಿಗೆ ಬಂದರು. "ಬಿಟ್ಟು ಬಂದಾಕಿ ನಾನೊಬ್ಬಾಕಿ ಸಾಕು," ಎಂದರು. ನಾಲ್ಕು ದಿನ ಎದುರು ಕೂತು ಅದೇ ಭಾಷಣ ಮತ್ತೆ ಮತ್ತೆ ಹೇಳಿಸಿದರು.

ಅರಬ್ಬೀ ಸಮುದ್ರದ ಬಿಸಿಗೂ ನಮ್ಮ ಸೀಮೆಯ ಮುಂಗಾರಿಗೂ ಏನು ಸಂಬಂಧ ಎಂಬುದು ನನ್ನ ಕೆಲಸ. ಅದಕ್ಕೆ ಮೇಡಂ ತಮ್ಮ ರಿಜಿಸ್ಟರುಗಳನ್ನೆಲ್ಲ ಕೊಟ್ಟರು. ಅವುಗಳಿಲ್ಲದೆ ನನ್ನ ಸಂಶೋಧನಾ ಲೇಖನವೇ ಇರುತ್ತಿರಲಿಲ್ಲ. ಕರಡಿನಲ್ಲಿ ಅವರ ಹೆಸರು ನನ್ನ ಪಕ್ಕದಲ್ಲೇ ಇತ್ತು. ನನ್ನ ಗೈಡ್ ಅದನ್ನು ಹೊಡೆದುಹಾಕಿದರು. "ಕಾಲೇಜು ಲೆಕ್ಚರರ್ ಹೆಸರು ಯಾಕೆ? ಸ್ಥಳೀಯ ದಾಖಲೆ ಅಂತ ಹಾಕಿ." ನನ್ನ ಫೆಲೋಶಿಪ್ ಮುಂದುವರಿಯಲು ಅವರ ಸಹಿ ಬೇಕಿತ್ತು. ನಾನು ಹಾಗೇ ಹಾಕಿದೆ.

ಅಚ್ಚಾದ ಲೇಖನ ಹಿಡಿದು ಕೊಟ್ಟೂರಿಗೆ ಹೋದೆ. ಮೇಡಂ ಕನ್ನಡಕ ಹಾಕಿಕೊಂಡು ಕೊನೆಯವರೆಗೂ ಓದಿದರು. "ಮೂರನೇ ಚಿತ್ರದಾಗ ಮೈನಸ್ ಗುರುತು ಬಿಟ್ಟೈತಿ ನೋಡು."

"ಮೇಡಂ, ಹೆಸರು..."

"ಚಾ ಆರತೈತಿ, ಕುಡಿ."

ಮರುವರ್ಷ ಹೊಸ ರಿಜಿಸ್ಟರ್ ಕೇಳಿದೆ. ಅಳೆಯುವುದನ್ನು ಬಿಟ್ಟಿದ್ದರು. "ಮೊಣಕಾಲು ನೋವು," ಎಂದರು. ಅದೇ ಬೆಳಿಗ್ಗೆ ಮಾಳಿಗೆ ಹತ್ತಿ ಮೆಣಸಿನಕಾಯಿ ಹರವಿ ಬಂದಿದ್ದರು.

ಎರಡು ವರ್ಷದ ನಂತರ ಪಾಠ ಹೇಳುತ್ತಲೇ ಕುಸಿದರಂತೆ. ದಾವಣಗೆರೆಗೆ ಒಯ್ಯುವಾಗ ದಾರಿಯಲ್ಲೇ ಹೋದರು. ಆಗ ನಾನು ಹಡಗಿನ ಮೇಲಿದ್ದೆ. ದಡಕ್ಕೆ ಬಂದಾಗ ಎಲ್ಲ ಮುಗಿದು ಇಪ್ಪತ್ತು ದಿನವಾಗಿತ್ತು...

ಈಗ ನಾನೇ ಗೈಡ್. ನನ್ನ ವಿದ್ಯಾರ್ಥಿಗಳು ಯಾರ ಹೆಸರನ್ನೂ ಬಿಡದಂತೆ ನೋಡಿಕೊಳ್ಳುತ್ತೇನೆ. ಒಳ್ಳೆಯ ಗೈಡ್ ಎನ್ನುತ್ತಾರೆ, ಅದನ್ನು ಕೇಳಿಸಿಕೊಳ್ಳಲು ನನಗಾಗುವುದಿಲ್ಲ. ಮೇಡಂ ಹೆಸರು ಸೇರಿಸಬೇಕೆಂದು ಆ ಲೇಖನ ಅಚ್ಚಾದ ಪತ್ರಿಕೆಗೆ ಕೊನೆಗೂ ಈ ವರ್ಷ ಬರೆದೆ. ವಿನಯದಿಂದಲೇ ಉತ್ತರ ಬಂತು: ಸೇರಿಸಬೇಕಾದ ಲೇಖಕಿಯ ಒಪ್ಪಿಗೆಯ ಸಹಿ ಕಳಿಸಿ.

ಆ ಪತ್ರವನ್ನು ಹಾಗೇ ಇಟ್ಟುಕೊಂಡಿದ್ದೇನೆ.