ಫೋನ್ ಮಾಡಲಾಗದವರಿಗೊಂದು ಬ್ಲಾಗ್

ಬೆಳಗ್ಗೆ ಆರು ಗಂಟೆ. ಕಚೇರಿಯ ಬೀಗ ತೆಗೆದ ಅಕ್ಕ ಕುರ್ಚಿಯಲ್ಲಿ ಕೂರುವ ಮೊದಲೇ ಬಿರುಕು ಬಿಟ್ಟ ಹಳೇ ಮೊಬೈಲ್ ಕೈಗೆತ್ತಿಕೊಳ್ಳುತ್ತಾರೆ. "ಒಂದು, ಎರಡು, ಮೂರು..." ಎಣಿಕೆ ಒಂಬತ್ತಕ್ಕೆ ಬಂದಾಗ ಬ್ಲಾಗ್ ತೆರೆದುಕೊಳ್ಳುತ್ತದೆ. "ನಮ್ಮನ್ನ ಓದೋರ ಹತ್ರ ಇರೋದೂ ಇಂಥ ಫೋನೇ. ಕಿವಿ ಮೆಷಿನ್ ಕೆಟ್ಟಿದ್ದು ಗೊತ್ತಾಗೋದೂ ಬೆಳಗ್ಗೆ ಕಿವಿಗೆ ಹಾಕ್ಕೊಂಡಾಗ್ಲೇ," ಅನ್ನುತ್ತಾರೆ.

ಏಳೇ ಜನರ ಈ ಸ್ಟಾರ್ಟಪ್ ಕಡಿಮೆ ಬೆಲೆಯ ಕಿವಿ ಮೆಷಿನ್ ತಯಾರಿಸುತ್ತದೆ. ಇಲ್ಲಿ ಎಲ್ಲರೂ ಅಕ್ಕ ಎನ್ನುವ ಇವರ ಕೆಲಸ ಬಂದ ಫೋನ್ ಎತ್ತುವುದು. ಆದರೆ ಫೋನೇ ಬರುತ್ತಿರಲಿಲ್ಲ! "ಕೆಟ್ಟರೆ ಕರೆ ಮಾಡಿ ಅಂತ ಡಬ್ಬಿ ಮೇಲೆ ಅಚ್ಚು ಹಾಕ್ಸಿದ್ರು. ಕಿವಿ ಕೇಳದವರು ಫೋನ್ ಮಾಡಿ ಏನ್ ಮಾಡ್ಬೇಕು, ನೀವೇ ಹೇಳಿ?" ಹಾಗೆ ಶುರುವಾದದ್ದು, ಕೆಟ್ಟ ಮೆಷಿನ್ ಮನೆಯಲ್ಲೇ ಸರಿಮಾಡಿಕೊಳ್ಳುವುದು ಹೇಗೆಂದು ಹೇಳುವ ಈ ಬ್ಲಾಗ್. ಯಾರೂ ಹೇಳಿರಲಿಲ್ಲ, ಅಕ್ಕನೇ ಮೈಮೇಲೆ ಹಾಕಿಕೊಂಡರು.

ಎರಡು ವರ್ಷದಲ್ಲಿ ನೂರ ಎಂಬತ್ತು ಬರಹ. ಒಂದು ಶನಿವಾರ ನೋಡಿದರೆ ಒಂದೂ ಇಲ್ಲ. ಬ್ಲಾಗಿದ್ದ ಬಿಟ್ಟಿ ತಾಣ ಬಾಗಿಲು ಹಾಕಿತ್ತು. ಮೂರು ಸಲ ಎಚ್ಚರಿಸಿತ್ತಂತೆ, ಖಾತೆ ತೆರೆದುಕೊಟ್ಟು ಆಮೇಲೆ ಕೆಲಸ ಬಿಟ್ಟು ಹೋದ ಉದ್ಯೋಗಿಯ ಇಮೇಲ್‌ಗೆ! "ಒಬ್ರು ತಾತ ನಾಲ್ಕು ದಿನ ಏನೂ ಕೇಳಿಸದೆ ಎಲ್ಲದಕ್ಕೂ ತಲೆಯಾಡಿಸ್ಕೊಂಡು ಕೂತಿದ್ರಂತೆ. ಬ್ಯಾಟರಿ ಮೇಲಿನ ಸ್ಟಿಕ್ಕರ್ ಕಿತ್ತಿರ್ಲಿಲ್ಲ, ಅಷ್ಟೇ. ನಮ್ಮ ಪುಟ ಇದ್ದಿದ್ರೆ ಒಂದು ನಿಮಿಷದ ಕೆಲಸ. ಅವತ್ತು ಅತ್ತುಬಿಟ್ಟೆ," ಅನ್ನುತ್ತಾರೆ.

ಅತ್ತು ಸುಮ್ಮನಾಗುವ ಜೀವವಲ್ಲ ಅದು. ಎಂಟು ತಿಂಗಳು ಕೂತು ಎಲ್ಲವನ್ನೂ ಮತ್ತೆ ಬರೆದರು. ಹೊಸ ತಾಣವನ್ನು ತಾವೇ ಆರಿಸುವುದಾಗಿ ಹಟ ಹಿಡಿದರು. ಕಂಪನಿಯ ಮಾಲಕಿ ನೋಡಿದ ಮೊದಲ ತಾಣಕ್ಕೇ ಮರುಳಾದರು. "ಅಕ್ಕಾ, ಎಷ್ಟು ಚೆನ್ನಾಗಿದೆ, ಇದೇ ಇರ್ಲಿ!"

"ಮದುವೆಗೆ ಮುಂಚೆ ಎಲ್ಲಾ ಚೆನ್ನಾಗೇ ಇರುತ್ತೆ, ತಡೀರಿ ಮೇಡಂ."

ಅಕ್ಕನ ಪರೀಕ್ಷೆಯೇ ಬೇರೆ. ಬರಹ ಹಾಕುವುದು ಎಷ್ಟು ಸುಲಭ ಅಂತ ಎಲ್ಲರೂ ನೋಡುತ್ತಾರೆ, ಇವರು ವಾಪಸ್ ತೆಗೆಯುವುದು ಎಷ್ಟು ಸುಲಭ ಅಂತ ನೋಡುತ್ತಾರೆ. ಆ ಚೆಂದದ ತಾಣಕ್ಕೆ ನಲವತ್ತು ಬರಹ ಹಾಕಿ ಹೊರತೆಗೆದರು. ಚಿತ್ರ ಬಂತು, ಚಿತ್ರದ ಕೆಳಗಿನ ವಿವರಣೆ ಮಾಯ! ಬ್ಯಾಟರಿಯನ್ನು ಯಾವ ಕಡೆ ತಿರುಗಿಸಿ ಹಾಕಬೇಕೆಂದು ಹೇಳುವುದೇ ಆ ವಿವರಣೆ. ಎರಡನೆಯ ತಾಣಕ್ಕೆ ಒಂದು ಪ್ರಶ್ನೆ ಕಳಿಸಿದರು, ಆರು ದಿನ ಕಳೆದರೂ ಉತ್ತರವಿಲ್ಲ. ಮೂರನೆಯದು ನೋಡಲು ಸಾದಾ. ಆದರೆ ನಲವತ್ತೂ ಬರಹ ಅಕ್ಷರ ಬಿಡದೆ ಕೈಗೆ ಬಂದವು, ಪ್ರಶ್ನೆಗೆ ಎರಡೇ ಗಂಟೆಯಲ್ಲಿ ಉತ್ತರ.

"ಕಂಪನಿಗೆ ಹಣ ಹಾಕೋರು ನೋಡಿದ್ರೆ ಸಪ್ಪೆ ಅಂತಾರೆ ಅಕ್ಕಾ," ಎಂದು ಮಾಲಕಿ ಕೊನೆಯ ಪ್ರಯತ್ನ ಮಾಡಿದರು.

"ಅವರಿಗೆ ಕಿವಿ ಕೇಳುತ್ತಲ್ಲ, ಫೋನ್ ಮಾಡಿ ಸಮಾಧಾನ ಹೇಳಿ!"

ಮಾಲಕಿ ನಕ್ಕು ಒಪ್ಪಿದರು. ಈಗ ದಿನಕ್ಕೆ ಮುನ್ನೂರು ಜನ ಓದುತ್ತಾರೆ. ತಾಣದ ಎಚ್ಚರಿಕೆಗಳು ಮೂವರಿಗೆ ತಲುಪುತ್ತವೆ. ಪ್ರತಿ ಶುಕ್ರವಾರ ಎಲ್ಲ ಬರಹಗಳ ಪ್ರತಿ ಅಕ್ಕನ ಮನೆಯ ಬೀರು ಸೇರುತ್ತದೆ.

ನಿಮಗೇನು ಆಸೆ ಅಂತ ಕೇಳಿದೆ. "ನನಗೆ ಹೆಸರು ಗಿಸರು ಬೇಡಪ್ಪಾ. ಬೆಳಗ್ಗೆದ್ದು ಮೆಷಿನ್ ಕೆಟ್ಟಿದೆ ಅಂತ ನಮ್ಮ ಪುಟ ತೆಗೆದೋರು, ತಿಂಡಿ ಹೊತ್ತಿಗೆ ಮನೆಯವರ ಜೊತೆ ಜಗಳ ಆಡ್ತಾ ಇರ್ಬೇಕು. ಅಷ್ಟು ಸಾಕು."