ಕಾರ್ಬೈಡ್ ಶೆಡ್ಡಿಗೆ ಹಳ್ಳ ನುಗ್ಗಿದ ಮಧ್ಯಾಹ್ನ

ಧಾರವಾಡದ ಲಕಮನಹಳ್ಳಿಯಲ್ಲಿ ವೆಲ್ಡಿಂಗ್ ಗ್ಯಾಸ್ ತಯಾರಿಸುವ ಸಣ್ಣ ಕಾರ್ಖಾನೆಯೊಂದರಲ್ಲಿ ನಾನು ಸುರಕ್ಷತೆಯ ಕೆಲಸ ನೋಡಿಕೊಳ್ಳುತ್ತಿದ್ದೆ. ಆ ಗ್ಯಾಸು ಹುಟ್ಟುವುದು ಕಾರ್ಬೈಡ್ ಎಂಬ ಬೂದುಬಣ್ಣದ ಕಲ್ಲಿನಿಂದ. ಅದಕ್ಕೆ ನೀರು ತಾಗಿದರೆ ಗ್ಯಾಸು ಏಳುತ್ತದೆ. ಆಗ ಒಂದು ಕಿಡಿ ಹಾರಿದರೂ ಸಾಕು, ಶೆಡ್ಡೇ ಉಳಿಯುವುದಿಲ್ಲ. ನಮ್ಮ ಕಾರ್ಬೈಡ್ ಡ್ರಮ್ಮುಗಳಿದ್ದ ಶೆಡ್ಡಿನ ಬೆನ್ನಿಗೇ ಹಳ್ಳವಿತ್ತು.

"ಹಳ್ಳ ತುಂಬಿದ್ರ ಏನ್ ಮಾಡೂದ್ರಿ?" ಎಂದರೆ ಮಾಲಕರು ನಗುತ್ತಿದ್ದರು. "ಅಲ್ರಿ ಮೇಡಂ, ಇದೇನ್ ಮಲಪ್ರಭಾ ಹೊಳಿ ಏನ್ರಿ?"

ಕೊನೆಗೆ ನನ್ನ ಕಾಟ ತಾಳದೆ, ಬೇಸಿಗೆಯಲ್ಲೊಮ್ಮೆ ಡ್ರಮ್ಮು ಸಾಗಿಸುವ ಅಭ್ಯಾಸಕ್ಕೆ ಒಪ್ಪಿದರು. ಪಕ್ಕದ ಗ್ಯಾರೇಜಿನ ಕಾಕಾ, ಛಾವಣಿಯಿದ್ದ ತಮ್ಮ ಎತ್ತರದ ಕಟ್ಟೆ ಬಿಟ್ಟುಕೊಟ್ಟರು. ರಣಬಿಸಿಲಲ್ಲಿ ಡ್ರಮ್ಮು ಹೊತ್ತ ಕೆಲಸಗಾರರು ಹಳ್ಳಕ್ಕಿಂತ ಹೆಚ್ಚಾಗಿ ನನ್ನನ್ನೇ ಬೈದುಕೊಂಡರು.

ಆ ಮಳೆಗಾಲದಲ್ಲಿ ಒಂದು ದಿನ, ಬೆಳಗಿನಿಂದ ಹಿಡಿದ ಮಳೆ ಊಟದ ಹೊತ್ತಾದರೂ ಬಿಡಲಿಲ್ಲ. ಹಿಂಬದಿ ಗೋಡೆಯ ಬುಡದಿಂದ ರಾಡಿ ನೀರು ನುಸುಳುವುದನ್ನು ಕಂಡೆ. ಅಗ್ನಿಶಾಮಕದವರಿಗೆ ಫೋನು ಮಾಡಿಸಿ, ಗೇಟಿನ ಬಳಿಯ ಮೇನ್ ಸ್ವಿಚ್ ತೆಗೆಸಿ, ಎಲ್ಲರ ಮೊಬೈಲನ್ನೂ ಅಲ್ಲೇ ಇಡಿಸಿದೆ. ಕಾಕಾ ಆಗಲೇ ತಮ್ಮ ಗ್ಯಾರೇಜಿನಲ್ಲಿ ಕೂಗುತ್ತಿದ್ದರು: "ವೆಲ್ಡಿಂಗ್ ಬಂದ್ ಮಾಡ್ರಿ! ಯಾರೂ ಬೀಡಿ ಹಚ್ಚಬ್ಯಾಡ್ರಿ!"

ಕೆಲಸಗಾರರು ಡ್ರಮ್ಮುಗಳನ್ನು ಕಾಕಾನ ಕಟ್ಟೆಗೆ ಸಾಗಿಸತೊಡಗಿದರು. "ಉರುಳಿಸಬ್ಯಾಡ್ರಿ, ಕಿಡಿ ಹಾರತೈತಿ, ಎತ್ತಿ ನಡೀರಿ!" ಎಂದು ನಾನು ಒದರುತ್ತಿದ್ದೆ. ಹೇಳುವ ಅಗತ್ಯವೇ ಇರಲಿಲ್ಲ. ಬೇಸಿಗೆಯಲ್ಲಿ ಬೈದುಕೊಂಡೇ ಕಲಿತದ್ದು ಅವರ ಕೈಕಾಲಿಗೆ ನೆನಪಿತ್ತು.

ಕೊನೆಗೆ ಉಳಿದದ್ದು ಬೆಳಿಗ್ಗೆ ಬಿಚ್ಚಿದ್ದ ಡ್ರಮ್ಮು.

"ಮೇಡಂ, ಬಳ್ಳೊಳ್ಳಿ ವಾಸನಿ ಬರಾಕತ್ತೈತ್ರಿ," ಎಂದರು ಕೈಜೋಡಿಸಲು ಶೆಡ್ಡಿಗೆ ಬಂದಿದ್ದ ಕಾಕಾ.

ಬೆಳ್ಳುಳ್ಳಿಯಂಥ ಆ ವಾಸನೆ ಗ್ಯಾಸಿನದು. ಸೂರಿನಿಂದ ಹನಿ ಬಿದ್ದು, ಮುಚ್ಚಳದ ಮೇಲಿನ ಪುಡಿ ತೋಯ್ದಿತ್ತು. ಬಾಗಿಲು ಕಿಟಕಿ ಪೂರ್ತಿ ತೆರೆಸಿ, ಎಲ್ಲರನ್ನೂ ಹೊರಗೆ ಕಳಿಸಿದೆ. ಮಾಲಕರು ಮಾತ್ರ ಹೋಗಲಿಲ್ಲ.

"ನೀವು ಹೊರಗ ನಡೀರಿ, ನಾ ಒಯ್ತೇನಿ."

"ಒಬ್ಬರ ಕೈಲೆ ಆಗೂದಿಲ್ರಿ. ಆ ಕಡೆ ಹಿಡೀರಿ," ಎಂದೆ.

ಪುಡಿಯನ್ನು ಒಣ ಬಟ್ಟೆಯಿಂದ ಒರೆಸಿ ತೆಗೆದು, ಡ್ರಮ್ಮಿಗೆ ತಾಡಪಾಲು ಸುತ್ತಿ, ಇಬ್ಬರೂ ಎತ್ತಿದೆವು. ನೀರು ಪಾದ ಮುಟ್ಟಿತ್ತು. ಬಾಗಿಲು ದಾಟಿದ್ದೇ ಹತ್ತಾರು ಕೈಗಳು ನಮ್ಮ ಕೈಯಿಂದ ಡ್ರಮ್ಮು ಇಸಿದುಕೊಂಡವು.

ಸ್ವಲ್ಪ ಹೊತ್ತಿಗೆ ಹಿಂದಿನ ಗೋಡೆ ಕುಸಿದು ಹಳ್ಳವೇ ಒಳನುಗ್ಗಿತು. ಅಗ್ನಿಶಾಮಕದವರು ಬಂದಾಗ ಶೆಡ್ಡಿನಲ್ಲಿ ಸೊಂಟಮಟ್ಟ ನೀರು.

"ಒಳಗ ಮಾಲ್ ಎಷ್ಟೈತ್ರಿ?" ಎಂದು ಅವರು ಗಾಬರಿಯಿಂದ ಕೇಳಿದರು.

"ಏನೂ ಇಲ್ರಿ! ಪೂರಾ ಖಾಲಿ!" ಎಂದು ಮಾಲಕರು ಎರಡೂ ಕೈ ಎತ್ತಿ ಕೂಗಿದರು. ಗ್ಯಾರೇಜಿನ ಕಟ್ಟೆಯ ಮೇಲಿಂದ ಶಿಳ್ಳೆ, ಕೇಕೆ ಎದ್ದವು. ಯಾರೋ ನನ್ನ ಕೈಗೆ ಬಿಸಿ ಮಿರ್ಚಿ ಭಜಿಯ ಪೊಟ್ಟಣ ತುರುಕಿದರು. ತೊಪ್ಪೆಯಾದ ಸೀರೆಯಲ್ಲೇ ನಿಂತು ತಿಂದೆ. ಆ ರುಚಿಯ ಮಿರ್ಚಿ ಆಮೇಲೆ ಧಾರವಾಡದ ಯಾವ ಗಾಡಿಯಲ್ಲೂ ನನಗೆ ಸಿಕ್ಕಿಲ್ಲ.